ನಗರಸಭೆ ಈಜುಕೊಳ, ಗುತ್ತಿಗೆದಾರರ ನಿರ್ವಹಣೆ: ಮೂರು ವರ್ಷ ಬಳಸಿದ ಮೇಲೆ

ಐದಕ್ಕೆ ಎರಡೂವರೆ ಅಂಕ. ಕೊಳಕ್ಕಷ್ಟೇ ಕೊಡುವುದಾದರೆ ಮೂರೂವರೆ ಕೊಡಬಹುದಿತ್ತು. ಒಂದು ಅಂಕ ಕಡಿತವಾಗಿದ್ದು ಅದನ್ನು ನೋಡಿಕೊಳ್ಳಬೇಕಾದವರ ಲೆಕ್ಕಕ್ಕೆ.

ತುಮಕೂರು ಜಿಲ್ಲೆಯ ಒಂದು ಊರಿನ ಕ್ರೀಡಾ ಸಂಕೀರ್ಣ ಇದು. ಜಾಗ, ಕಟ್ಟಡ ನಗರಸಭೆಯದು. ಟೆಂಡರ್‌ನಲ್ಲಿ ಪಡೆದ ಖಾಸಗಿಯವರು ನಡೆಸುತ್ತಾರೆ. ಊರಿನ ಹೆಸರೂ ಗುತ್ತಿಗೆದಾರರ ಹೆಸರೂ ಬೇಡ, ಇಂಥ ಏರ್ಪಾಡು ಇರುವ ಕಡೆಯೆಲ್ಲ ನೋಡಬೇಕಾದ ಸಂಗತಿಗಳು ಇವೇ.

ಜಿಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಂಬೆಲ್, ರಾಡು, ಬೆಂಚು ಚೆನ್ನಾಗಿವೆ. ಟ್ರೆಡ್‌ಮಿಲ್ ಮಾತ್ರ ಸದಾ ರಿಪೇರಿಯಲ್ಲಿ: ಬೆಲ್ಟ್ ಕೆಳಗೆ ಸಿಲಿಕೋನ್ ಆಯಿಲ್ ಹಾಕದೆ ಓಡಿಸಿದರೆ ಮೋಟರ್ ಎಳೆಯಲಾರದೆ ಬಿಸಿಯಾಗಿ, ಕೊನೆಗೆ ಬೋರ್ಡ್ ಸುಡುತ್ತದೆ. ಶಟಲ್ ಕೋರ್ಟ್‌ಗೆ ಬೆಳಕು ಸಾಕು, ಗಾಳಿ ಸಾಲದು.

ಕೊಳದ ಅಳತೆ 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ ಆಳ 1.4 ಮೀಟರ್. ಅಂದರೆ ಸುಮಾರು 4,37,500 ಲೀಟರ್ ನೀರು. ಆರು ತಾಸಿಗೊಮ್ಮೆ ಇಷ್ಟೂ ನೀರು ಸ್ಯಾಂಡ್ ಫಿಲ್ಟರ್ ಹಾದು ಬರಬೇಕೆಂದರೆ ಪಂಪ್ ತಾಸಿಗೆ 73,000 ಲೀಟರ್ ಎತ್ತಬೇಕು. ಇಲ್ಲಿ ಕೂರಿಸಿರುವ 7.5 ಎಚ್‌ಪಿ ಮೋಟರ್ ಈ ಕೆಲಸಕ್ಕೆ ಸಾಕು. ತೊಂದರೆ ಇರುವುದು ಅದನ್ನು ಎಷ್ಟು ಹೊತ್ತು ಓಡಿಸುತ್ತಾರೆ ಎಂಬುದರಲ್ಲಿ.

ನೀರು ಸರಿಯಿದೆಯೇ ಎಂದು ತಿಳಿಯಲು ಮೊದಲು ಕಣ್ಣು ಸಾಕು. ಅತಿ ಆಳದ ಕಡೆ ದಂಡೆಯ ಮೇಲೆ ನಿಂತು ತಳದ ಡ್ರೈನ್ ಜಾಲರಿ ನೋಡಿ. ಜಾಲರಿಯ ಕಂಡಿಗಳು ಒಂದೊಂದಾಗಿ ಸ್ಪಷ್ಟವಾಗಿ ಕಾಣಬೇಕು. ಮಬ್ಬಾಗಿದ್ದರೆ ಆ ದಿನ ಇಳಿಯಬೇಡಿ, ಮುಳುಗಿದವರು ತಳದಲ್ಲಿದ್ದರೂ ಲೈಫ್‌ಗಾರ್ಡ್‌ಗೆ ಕಾಣುವುದಿಲ್ಲ. ಜಾಲರಿ ಒಡೆದಿದ್ದರೆ, ಸ್ಕ್ರೂ ಬಿಚ್ಚಿದ್ದರೆ ಮಕ್ಕಳನ್ನಂತೂ ಇಳಿಸಲೇಬೇಡಿ. ಪಂಪ್ ಓಡುವಾಗ ಆ ಬಾಯಿಗೆ ಕೂದಲೋ ಕೈಯೋ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ದೊಡ್ಡವರಿಗೂ ಕಷ್ಟ.

ಎರಡನೆಯದು ಮೂಗು. ಕ್ಲೋರಿನ್ ವಾಸನೆ ಘಮ್ಮೆಂದರೆ ನೀರು ಶುದ್ಧ ಎಂದು ನಂಬಿರುವವರು ಬಹಳ. ಆ ಘಾಟು ಕ್ಲೋರಮಿನ್‌ನದು: ಬೆವರು, ಮೂತ್ರದ ಜೊತೆ ಸೇರಿ ಸವೆದುಹೋದ ಕ್ಲೋರಿನ್. ಭಾನುವಾರ ಸಂಜೆ ಕಣ್ಣು ಉರಿಯುವುದು ಇದರಿಂದಲೇ. ಇಲ್ಲಿ ಸ್ನಾನ ಮಾಡದೆ ಇಳಿಯುವವರನ್ನು ಯಾರೂ ತಡೆಯುವುದಿಲ್ಲ, ಶವರ್ ಎರಡರಲ್ಲಿ ಒಂದಕ್ಕೆ ನಲ್ಲಿ ತಿರುಗಣೆಯೇ ಇಲ್ಲ.

ಮೂರನೆಯದು ಟೆಸ್ಟ್ ಕಿಟ್. ಫ್ರೀ ಕ್ಲೋರಿನ್, ಅಂದರೆ ಇನ್ನೂ ಸವೆಯದೆ ಉಳಿದದ್ದು, 1ರಿಂದ 3 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ), ನೀರಿನ ಹುಳಿ-ಕ್ಷಾರ ಹೇಳುವ ಪಿಎಚ್ 7.2ರಿಂದ 7.8 ಇದ್ದರೆ ಚಿಂತೆಯಿಲ್ಲ. ಕೊಳದ ಹುಡುಗರು ಬಳಸುವುದು ಹಳದಿ ಬಣ್ಣ ಬರುವ ಓಟಿಒ ಹನಿ. ಅದು ಒಟ್ಟು ಕ್ಲೋರಿನ್ ತೋರಿಸುತ್ತದೆ, ಸವೆದದ್ದೂ ಅದರಲ್ಲೇ ಸೇರಿರುತ್ತದೆ. ಕೆಲಸಕ್ಕೆ ಬರುವ ಕ್ಲೋರಿನ್ ಎಷ್ಟು ಎಂದು ಬೇರೆಯಾಗಿ ತಿಳಿಯಲು ಗುಲಾಬಿ ಬಣ್ಣ ಬರುವ ಡಿಪಿಡಿ ಮಾತ್ರೆ ಬೇಕು. ಸದಸ್ಯರೇ ನಾಲ್ಕು ಜನ ಸೇರಿ ಒಂದು ಕಿಟ್ ಇಟ್ಟುಕೊಳ್ಳುವುದು ಮೇಲು.

ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. ಇಲ್ಲಿ ಕ್ಲೋರಿನ್‌ಗೆಂದು ಹಾಕುವುದು ಟಿಸಿಸಿಎ 90 ಎಂಬ ಪುಡಿ. ಅದರಿಂದ 10 ಪಿಪಿಎಂ ಕ್ಲೋರಿನ್ ಸಿಕ್ಕರೆ ಜೊತೆಗೆ 6 ಪಿಪಿಎಂ ಸಯನೂರಿಕ್ ಆಮ್ಲವೂ ನೀರಲ್ಲಿ ಉಳಿಯುತ್ತದೆ. ದಿನಕ್ಕೆ ಒಂದು ಕೆಜಿ ಹಾಕಿದರೆ ಈ ಕೊಳದಲ್ಲಿ 40 ದಿನಕ್ಕೆ 50 ಪಿಪಿಎಂ ಹತ್ತಿರ. ಕ್ಲೋರಿನ್ ಬಿಸಿಲಿಗೂ ಕೊಳೆಗೂ ಖರ್ಚಾಗಿ ಹೋಗುತ್ತದೆ, ಈ ಆಮ್ಲ ಹೋಗುವುದಿಲ್ಲ. 30–50ರವರೆಗೆ ಬಿಸಿಲಿನಿಂದ ಕ್ಲೋರಿನ್ ಉಳಿಸಿ ಉಪಕಾರ ಮಾಡುತ್ತದೆ, 100 ದಾಟಿದರೆ ಕ್ಲೋರಿನ್ ಇದ್ದರೂ ಮಂದ. ಕಿಟ್‌ನಲ್ಲಿ 2 ಪಿಪಿಎಂ ಕಂಡರೂ ಗೋಡೆಗೆ ಪಾಚಿ ಹಿಡಿಯುತ್ತದೆ. ಆಗ ಒಂದಷ್ಟು ನೀರು ಹೊರಹಾಕಿ ಹೊಸದು ತುಂಬುವುದೊಂದೇ ದಾರಿ. ಬೇಸಿಗೆಯಲ್ಲಿ ಹೇಮಾವತಿ ನೀರಿಗೂ ಬೋರ್‌ವೆಲ್‌ಗೂ ಪರದಾಡುವ ಜಿಲ್ಲೆಯಲ್ಲಿ ಇದನ್ನು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ, ಆದ್ದರಿಂದ ಅಳೆಯುವ ಗೋಜಿಗೇ ಹೋಗುವುದಿಲ್ಲ.

ಈಗ ಉಸ್ತುವಾರಿಗೆ ಬರೋಣ. ಪಂಪ್‌ಹೌಸ್ ಬಾಗಿಲಿಗೆ ಒಂದು ದಪ್ಪ ಲಾಂಗ್ ನೋಟ್‌ಬುಕ್ ತೂಗುಹಾಕಿದ್ದಾರೆ. ತಾರೀಖು, ಪಿಎಚ್, ಕ್ಲೋರಿನ್, ಸಹಿ. ಪುಟ ತಿರುವಿದರೆ ಎಲ್ಲ ದಿನವೂ 7.4 ಮತ್ತು 2.0. ಸೋಮವಾರ ರಜಾದಿನಕ್ಕೂ 7.4, ಜಾತ್ರೆ ಜನದ ಭಾನುವಾರಕ್ಕೂ 7.4. ಒಂದೇ ಪೆನ್ನು, ಒಂದೇ ಓರೆ. ನಗರಸಭೆಯ ಆರೋಗ್ಯ ಶಾಖೆಯಿಂದ ಬರುವವರು ಇದೇ ಪುಸ್ತಕದ ಕೆಳಗೆ ‘ಪರಿಶೀಲಿಸಿದೆ’ ಎಂದು ಬರೆದು ಹೋಗುತ್ತಾರೆ, ಅದೂ ಬೆಳಗ್ಗೆ 11ಕ್ಕೆ, ಕೊಳ ಖಾಲಿ ಇರುವ ಹೊತ್ತಲ್ಲಿ. ನೀರು ಕೆಡುವುದು ಬೆಳಗಿನ ಬ್ಯಾಚ್‌ಗಳು ಮುಗಿದಾಗ ಮತ್ತು ಭಾನುವಾರ ಸಂಜೆ. ಮಾದರಿ ತೆಗೆಯುವುದಿದ್ದರೆ ಆಗ ತೆಗೆಯಬೇಕು.

ಪುಸ್ತಕಕ್ಕಿಂತ ಕರೆಂಟ್ ಬಿಲ್ ನಂಬಬಹುದು. 7.5 ಎಚ್‌ಪಿ ಎಂದರೆ ಸುಮಾರು 5.6 ಕಿಲೋವ್ಯಾಟ್. ದಿನಕ್ಕೆ 12 ತಾಸು ಓಡಿದರೆ 67 ಯೂನಿಟ್, ತಿಂಗಳಿಗೆ 2,000 ಯೂನಿಟ್ ಆಸುಪಾಸು. ಜಿಮ್, ದೀಪ ಎಲ್ಲ ಸೇರಿದ ಬೆಸ್ಕಾಂ ಬಿಲ್ಲೇ ಅದಕ್ಕಿಂತ ಬಹಳ ಕಡಿಮೆ ಬಂದಿದ್ದರೆ ಫಿಲ್ಟರ್ ಅಷ್ಟು ಹೊತ್ತು ಓಡಿಲ್ಲ, ಲೆಕ್ಕ ಮುಗಿಯಿತು. ಕ್ಲೋರಿನ್ ಖರೀದಿ ಬಿಲ್ ಕೂಡ ಹಾಗೆಯೇ: ದಿನಕ್ಕೆ ಒಂದು ಕೆಜಿ ಎಂದು ಬರೆದವರು ತಿಂಗಳಿಗೆ 30 ಕೆಜಿ ಕೊಂಡಿರಲೇಬೇಕು. ಫಿಲ್ಟರ್ ಮೇಲಿನ ಪ್ರೆಶರ್ ಗೇಜನ್ನೂ ಇಣುಕಿ ನೋಡಿ. ಶುಚಿಯಾಗಿದ್ದಾಗಿನ ಒತ್ತಡಕ್ಕಿಂತ ಅರ್ಧ ಬಾರ್ ಏರಿದರೆ ಬ್ಯಾಕ್‌ವಾಶ್ ಮಾಡಬೇಕು, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯಬೇಕು. ಇಲ್ಲಿನ ಗೇಜಿನ ಮುಳ್ಳು ಪಂಪ್ ನಿಂತಾಗಲೂ ಅಲ್ಲಾಡುವುದಿಲ್ಲ, ಸತ್ತು ಎಷ್ಟು ಕಾಲವಾಯಿತೋ.

ನಗರಸಭೆಯಿಂದ ಕಾಗದ ಪಡೆಯುವುದು ಕಷ್ಟವೇನಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ಅಡಿ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ, 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಿದರೆ ಹಿಂಬರಹ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ದಾಖಲೆಯ ಹೆಸರು ಹಿಡಿದೇ ಕೇಳಿ: ಅನುಬಂಧಗಳ ಸಮೇತ ಕರಾರು ಪತ್ರ, ಆರು ತಿಂಗಳ ಪರಿಶೀಲನಾ ವರದಿ, ಲ್ಯಾಬ್ ವರದಿ, ವಿಧಿಸಿದ ದಂಡದ ನೋಟಿಸ್, ಭದ್ರತಾ ಠೇವಣಿ ರಸೀದಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಗುತ್ತಿಗೆದಾರರ ಬಳಿ ಇರುವ ದಾಖಲೆ ನಮ್ಮಲ್ಲಿಲ್ಲ ಎಂದರೆ, ಕರಾರಿನಲ್ಲಿ ಅದನ್ನು ತರಿಸಿಕೊಳ್ಳುವ ಅಧಿಕಾರ ನಗರಸಭೆಗೆ ಇದೆಯೇ ನೋಡಿ, ಆ ಷರತ್ತನ್ನೇ ಮೇಲ್ಮನವಿಯಲ್ಲಿ ಬರೆಯಿರಿ.

ಕರಾರು ಕೈಗೆ ಬಂದಾಗ ಮೊದಲು ದರಪಟ್ಟಿ ತೆಗೆಯಿರಿ. ಕೌಂಟರ್‌ನಲ್ಲಿ ತೂಗುಬಿಟ್ಟ ಬೋರ್ಡಿಗೂ ಅದಕ್ಕೂ ತಾಳೆಯಾಗಬೇಕು. ಇಲ್ಲಿ ‘ಕ್ಯಾಪ್ ಕಡ್ಡಾಯ, ಇಲ್ಲೇ ಕೊಳ್ಳಬೇಕು’ ಎಂಬ ವಸೂಲಿ ದರಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಆಮೇಲೆ ನೀರಿನ ಗುಣಮಟ್ಟದ ಷರತ್ತು. ‘ಸ್ವಚ್ಛವಾಗಿಡತಕ್ಕದ್ದು’ ಎಂದಷ್ಟೇ ಇದ್ದರೆ ದಂಡ ಹಾಕಲು ಆಧಾರವೇ ಸಿಗದು. ಈಜುಕೊಳದ ನೀರಿಗೆಂದೇ ಐಎಸ್ 3328 ಮಾನದಂಡ ಇದೆ, ಮುಂದಿನ ಟೆಂಡರ್‌ನಲ್ಲಿ ಅದರ ಹೆಸರೂ, ತಪ್ಪಿದ ಪ್ರತಿ ದಿನಕ್ಕೆ ಇಂತಿಷ್ಟು ದಂಡ ಎಂಬುದೂ ಬರಬೇಕು. ವರ್ಷಕ್ಕೆ ಇಷ್ಟು ಎಂದು ನಿಗದಿ ಬಾಡಿಗೆ ಕಟ್ಟಿಸಿಕೊಳ್ಳುವ ಕರಾರಾದರೆ ಎಷ್ಟು ಜನ ಇಳಿದರು ಎಂಬುದು ಯಾರಿಗೂ ಬೇಡ, ಬ್ಯಾಚ್‌ಗೆ ಮಿತಿ ಬರೆದಿರದಿದ್ದರೆ ಬೇಸಿಗೆ ರಜೆಯಲ್ಲಿ ಕೊಳ ಸಂತೆಯಾಗುತ್ತದೆ. ಅಂದಹಾಗೆ ಲೈಫ್‌ಗಾರ್ಡ್ ಮತ್ತು ಕೋಚ್ ಒಬ್ಬರೇ ಆಗಿರಬಾರದು ಎಂಬ ಸಾಲು ಇದೆಯೇ ನೋಡಿ. ಇಲ್ಲಿ ಮಕ್ಕಳಿಗೆ ಕಾಲು ಬಡಿಯಲು ಕಲಿಸುತ್ತಿರುವವರೇ ಆಳದ ಕಡೆಯ ಕಾವಲೂ ಕಾಯುತ್ತಾರೆ.

ಸಿಬ್ಬಂದಿ ಒಳ್ಳೆಯವರು. ಕೇಳಿದರೆ ಪಂಪ್‌ಹೌಸ್ ತೆರೆದು ತೋರಿಸುತ್ತಾರೆ, ಸಂಬಳ ತಡವಾದ ತಿಂಗಳಲ್ಲೂ ಬೆಳಗ್ಗೆ ಐದೂವರೆಗೆ ಗೇಟ್ ತೆರೆದಿರುತ್ತದೆ. ಸೇರುವುದಾದರೆ ಮಂಗಳವಾರದಿಂದ ಶುಕ್ರವಾರದ ಮೊದಲ ಬ್ಯಾಚ್ ಒಳ್ಳೆಯದು.

ವರ್ಷದ ಪಾಸ್ ಕೊಳ್ಳುವ ಮುನ್ನ ಕರಾರು ಮುಗಿಯುವ ತಾರೀಖು ನೋಡಿಕೊಳ್ಳಿ. ಹೊಸ ಗುತ್ತಿಗೆದಾರರು ಹಳಬರ ಪಾಸ್ ಒಪ್ಪಬೇಕೆಂಬ ಷರತ್ತು ಇಲ್ಲದಿದ್ದರೆ ಉಳಿದ ತಿಂಗಳುಗಳ ಹಣ ಹೋದಂತೆಯೇ. ತಿಂಗಳ ಪಾಸ್ ತೆಗೆದುಕೊಳ್ಳಿ. ಬಿಳಿ ಚೀಟಿ ಕೊಟ್ಟರೆ ಬೇಡವೆಂದು ಹೇಳಿ, ಕ್ರಮಸಂಖ್ಯೆಯೂ ಜಿಎಸ್‌ಟಿ ನಂಬರೂ ಅಚ್ಚಾಗಿರುವ ರಸೀದಿ ಕೇಳಿ ಪಡೆಯಿರಿ.