ಹ್ಯಾಮರ್ ರಿಪೋರ್ಟ್ ತೋರಿಸಿ ರಿಪೇರಿ ಹಿಡಿಯುವವರ ಬಗ್ಗೆ ಎಚ್ಚರ

ಬೆಂಗಳೂರಿನ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಇರುವವರು, ಅದರಲ್ಲೂ ಸಂಘದ ಪದಾಧಿಕಾರಿಗಳಾಗಿ ರಿಪೇರಿಯ ಚೆಕ್ಕಿಗೆ ಸಹಿ ಹಾಕುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಕಾರ್ಪಸ್ ನಿಧಿಯ ದೊಡ್ಡ ಪಾಲು ಗಾರೆಗೂ ಬಣ್ಣಕ್ಕೂ ಖರ್ಚಾಗಿದೆ, ಕಂಬಿಯ ತುಕ್ಕು ಮಾತ್ರ ಇದ್ದಲ್ಲೇ ಇದೆ.

ಪಾರ್ಕಿಂಗ್ ಜಾಗದ ಬೀಮ್‌ಗಳ ಅಡಿಯಲ್ಲಿ, ಒಳಗಿನ ಕಂಬಿ ಹೋದ ದಾರಿಯಲ್ಲೇ ಉದ್ದುದ್ದ ಬಿರುಕುಗಳು ಬಿಟ್ಟು, ಅಲ್ಲಲ್ಲಿ ಕಂದು ಕಲೆಗಳು ಇಳಿದಿದ್ದವು. ಗುತ್ತಿಗೆದಾರನು ರಿಬೌಂಡ್ ಹ್ಯಾಮರ್ (ಮೇಲ್ಮೈಗೆ ಬಡಿದು ಎಷ್ಟು ಪುಟಿಯುತ್ತದೆ ಎಂಬುದರಿಂದ ಕಾಂಕ್ರೀಟಿನ ಬಲವನ್ನು ಅಂದಾಜಿಸುವ ಉಪಕರಣ) ತಂದು ಕಂಬ, ಬೀಮ್‌ಗಳಿಗೆಲ್ಲ ಒತ್ತಿ, ಬಣ್ಣದ ಗ್ರಾಫುಗಳಿದ್ದ ವರದಿಯೊಂದನ್ನು ಕೊಟ್ಟನು. “ನಿಮ್ಮ ಕಾಂಕ್ರೀಟ್ ಹೊಸ ಬಿಲ್ಡಿಂಗ್‌ಗಿಂತ ಗಟ್ಟಿ ಇದೆ ಸಾರ್, ಹೋಗಿರೋದು ಮೇಲಿನ ಪ್ಲಾಸ್ಟರ್ ಅಷ್ಟೇ” ಎಂದನು. ಸರ್ವಸದಸ್ಯರ ಸಭೆಯಲ್ಲಿ ಮೈಕ್ ಹಿಡಿದು ಆ ಮಾತನ್ನೇ ಹೇಳಿದವನು ನಾನು. ಚಪ್ಪಾಳೆಯೂ ಬಿದ್ದಿತ್ತು.

ಮರುವರ್ಷದ ಮಳೆಗಾಲದಲ್ಲಿ, ಹೊಸದಾಗಿ ಬಣ್ಣ ಬಳಿದಿದ್ದ ಬೀಮಿನಿಂದ ಒಂದು ಹೆಂಟೆ ಕಳಚಿ ಸ್ಕೂಟರೊಂದರ ಸೀಟಿನ ಮೇಲೆ ಬಿತ್ತು. ಬಿದ್ದ ತುಂಡನ್ನು ತಿರುಗಿಸಿ ನೋಡಿದರೆ ಹೊಸ ಗಾರೆಯ ಬೆನ್ನಿಗೆ ಹಳೆಯ ತುಕ್ಕಿನ ಹಕ್ಕಳೆಗಳು ಹಾಗೆಯೇ ಅಂಟಿಕೊಂಡಿದ್ದವು. ಅಂದರೆ ಕಂಬಿಗೆ ವೈರ್ ಬ್ರಷ್ ಕೂಡ ತಾಗಿಸದೆ ಅದರ ಮೇಲೆಯೇ ಮೆತ್ತಿದ್ದರು.

ಆಮೇಲೆ ಕರೆಸಿದ ಬೇರೊಬ್ಬ ಎಂಜಿನಿಯರ್ ಆ ಬೀಮಿನ ಅಂಚನ್ನು ಹೊಸದಾಗಿ ಒಡೆದು, ದೂಳು ಒರೆಸಿ, ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದರು. ಕ್ಷಾರಗುಣ ಉಳಿದಿರುವ ಕಾಂಕ್ರೀಟ್ ಅದಕ್ಕೆ ಕಡುಗುಲಾಬಿಯಾಗಬೇಕು. ನಮ್ಮಲ್ಲಿ ಒಳಭಾಗ ಮಾತ್ರ ಗುಲಾಬಿಯಾಯಿತು. ಕಂಬಿಯ ಸುತ್ತಲೂ, ಅದರ ಹಿಂದೆಯೂ ಬೂದು ಬಣ್ಣ ಕದಲಲಿಲ್ಲ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡವಾದ ಐಎಸ್ 456ರ 2000ದ ಆವೃತ್ತಿ ಹೆಚ್ಚು ಹಾನಿ ಮಾಡದ ಹಗುರ ಪರಿಸರಕ್ಕೂ 20 ಮಿ.ಮೀ. ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಹೇಳುತ್ತದೆ, ನಮ್ಮ ಬೀಮಿನ ಉದ್ದ ಕಂಬಿಗಳನ್ನು ಸುತ್ತುವರಿದ ರಿಂಗುಗಳ ಮೇಲೆ ಅದರ ಅರ್ಧವೂ ಇರಲಿಲ್ಲ. ಹೊಸ ಕಾಂಕ್ರೀಟಿನ ಪಿಎಚ್ (ಕ್ಷಾರಗುಣದ ಅಳತೆ) 12.5ರ ಆಸುಪಾಸಿನಲ್ಲಿರುವಾಗ ಕಂಬಿಯ ಮೈಮೇಲೆ ತೆಳುವಾದ ರಕ್ಷಣಾ ಪದರ ಇರುತ್ತದೆಯಂತೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಹೊಕ್ಕು ಅಲ್ಲಿನ ಸುಣ್ಣವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬದಲಿಸುತ್ತ ಬಂದು ಪಿಎಚ್ 9ರ ಕೆಳಗಿಳಿದರೆ ಆ ಪದರ ಅಳಿದು, ತೇವ ಸಿಕ್ಕ ಕೂಡಲೇ ತುಕ್ಕು ಶುರುವಾಗುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ.

ನನ್ನ ಮುಖ ಇಳಿದದ್ದು ಆ ಎಂಜಿನಿಯರ್ ಹೇಳಿದ ಮುಂದಿನ ಮಾತಿಗೆ. ಅದೇ ಕಾರ್ಬೊನೇಟ್ ಕಾಂಕ್ರೀಟಿನ ಮೇಲ್ಮೈಯನ್ನು ಗಟ್ಟಿ ಮಾಡುವುದರಿಂದ ಹ್ಯಾಮರ್ ಹೆಚ್ಚು ಪುಟಿದು ಅಂಕೆಯನ್ನು ಏರಿಸುತ್ತದೆ. ವಿಪರೀತ ಸಂದರ್ಭದಲ್ಲಿ ಬಲದ ಅಂದಾಜು ಶೇ 50ರವರೆಗೂ ಹೆಚ್ಚಾಗಿ ಬರಬಹುದೆಂದು ಈ ಪರೀಕ್ಷೆಯ ಹಿಂದಿನ ಭಾರತೀಯ ಮಾನದಂಡವಾದ, 1992ರ ಐಎಸ್ 13311ರ ಎರಡನೆಯ ಭಾಗದಲ್ಲೇ ಬರೆದಿತ್ತು. ರೋಗಿಯ ಜ್ವರವನ್ನು ತೋರಿಸಿ ಮೈ ಬೆಚ್ಚಗಿದೆ, ಆರೋಗ್ಯವಾಗಿದ್ದಾನೆ ಎಂದಂತಾಯಿತು. ಅದನ್ನೇ ನಾನು ಮೈಕಿನಲ್ಲಿ ಓದಿದ್ದೆ.

ಗುತ್ತಿಗೆದಾರನ ಉತ್ತರಗಳನ್ನೂ ಕೇಳಿ. ಮೊದಲು, “ಈ ಸಲ ಮಳೆ ಜಾಸ್ತಿ ಆಯ್ತಲ್ಲ ಸಾರ್.” ಆಮೇಲೆ, “ಮೇಲಿನ ಮನೆಯವರ ಬಾತ್‌ರೂಮ್ ಸೋರ್ತಿರ್ಬೇಕು, ಅವರನ್ನ ಕೇಳಿ.” ಆ ಬೀಮಿನ ಮೇಲಿರುವುದು ಬಾತ್‌ರೂಮ್ ಅಲ್ಲ, ಹಾಲ್. ಗುಲಾಬಿ ಬಣ್ಣದ ಫೋಟೋ ಕಳುಹಿಸಿದಾಗ, “ಅದೆಲ್ಲ ಕಾಲೇಜ್ ಲ್ಯಾಬ್ ಟೆಸ್ಟು, ಸೈಟಲ್ಲಿ ಯಾರೂ ಮಾಡಲ್ಲ.” ಕೊನೆಗೆ, “ಕೊಟೇಶನ್ ಸರಿಯಾಗಿ ಓದಿ ಸಾರ್, ಕಂಬಿ ಕ್ಲೀನಿಂಗ್ ಅಂತ ಎಲ್ಲಿದೆ?” ತೆಗೆದು ಓದಿದೆ. ತಲೆಬರಹದಲ್ಲಿ ದಪ್ಪಕ್ಷರದಲ್ಲಿ ‘ಸ್ಟ್ರಕ್ಚರಲ್ ರಿಪೇರಿ’, ಕೆಳಗೆ ಚದರಡಿ ಲೆಕ್ಕದಲ್ಲಿ ಪ್ಲಾಸ್ಟರ್ ಮತ್ತು ಪೇಂಟ್. ಕಂಬಿಯ ಮಾತು ನಿಜವಾಗಿಯೂ ಎಲ್ಲೂ ಇರಲಿಲ್ಲ. ಸ್ಟ್ರಕ್ಚರಲ್ ಎಂದರೆ ಬಣ್ಣ ಬಳಿಯುವುದೇ ಎಂದು ಕೇಳಿದ್ದಕ್ಕೆ ಎರಡು ನೀಲಿ ಟಿಕ್ಕುಗಳು ಬಂದವು, ಉತ್ತರ ಬರಲಿಲ್ಲ.

ಬರೀ ಹ್ಯಾಮರ್ ರಿಪೋರ್ಟ್ ತಂದವನಿಗೆ ಕಾರ್ಬೊನೇಷನ್ (ಸುಣ್ಣ ಕಾರ್ಬೊನೇಟ್ ಆಗುವ ಆ ಬದಲಾವಣೆ) ಎಷ್ಟು ಆಳ ಇಳಿದಿದೆ, ಕವರ್ ಎಷ್ಟಿದೆ ಎಂದು ಅಳೆದು ತೋರಿಸಲು ಹೇಳಿ. ಕಂಬಿಯ ಹಿಂಬದಿಯವರೆಗೆ ಕಾಂಕ್ರೀಟ್ ಕೆತ್ತುವುದು, ತುಕ್ಕು ತೆಗೆಯುವುದು, ಸವೆದ ಕಡೆ ಹೊಸ ಕಂಬಿ ಸೇರಿಸುವುದು, ಪಾಲಿಮರ್ ಮಾರ್ಟರ್ (ಪಾಲಿಮರ್ ಬೆರೆಸಿದ ರಿಪೇರಿ ಗಾರೆ) ತುಂಬುವುದು, ಇವು ಒಂದೊಂದೂ ಕೊಟೇಶನ್‌ನಲ್ಲಿ ಬೇರೆ ಬೇರೆ ಸಾಲಾಗಿರಲಿ. ಒಂದು ಮಳೆಗಾಲ ಮುಗಿಯುವ ತನಕ ಕೊನೆಯ ಕಂತನ್ನು ಕೊಡಲೇಬೇಡಿ, ನಾವು ಕೊಟ್ಟಾಗಿತ್ತು. ಪಕ್ಕದ ರಸ್ತೆಯ ಅಪಾರ್ಟ್‌ಮೆಂಟಿನವರಿಗೂ ಈತ ಅದೇ ಹ್ಯಾಮರ್ ಹಿಡಿದು ವರದಿ ಕೊಟ್ಟಿದ್ದಾನೆ ಎಂದು ಮೊನ್ನೆ ತಿಳಿಯಿತು. ನಮ್ಮ ಬೀಮಿನ ಫೋಟೋಗಳನ್ನು ಅವರ ಸಂಘಕ್ಕೆ ಕಳುಹಿಸಿದ್ದೇನೆ; ಬೇರೆ ಯಾರಿಗಾದರೂ ಬೇಕಿದ್ದರೆ ಕೇಳಿ, ಕಳುಹಿಸುತ್ತೇನೆ.