ಪಿರಮಿಡ್ ಬರವಣಿಗೆ ಕಿಟ್: ಕಾರ್ಡುಗಳಿಗೆ ಫುಲ್ ಮಾರ್ಕ್ಸ್, ಮಾದರಿ ಪ್ರಬಂಧಕ್ಕೆ ಸೊನ್ನೆ

ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಈಜಿಪ್ಟಿನ ಪಿರಮಿಡ್ ಬಗ್ಗೆ ಬರೆಯಲು ಕಲಿಸುವ ಕಿಟ್ ಇದು. ಡಬ್ಬಿಯೊಳಗೆ ಒಂದು ಕಟ್ಟು ಮಾಹಿತಿ ಕಾರ್ಡು, ನೈಲ್ ನದಿಯ ನಕ್ಷೆ, ಬಿಟ್ಟ ಸ್ಥಳ ತುಂಬುವ ಹಾಳೆಗಳು, ಕೊನೆಗೊಂದು ಮಾದರಿ ಪ್ರಬಂಧ. ನಾನು ಸಮಾಜ ವಿಜ್ಞಾನದ ಟೀಚರ್. ಪ್ರಬಂಧ ಬರೆಯಿರಿ ಅಂದರೆ ಮಕ್ಕಳ ಪೆನ್ನಿನಿಂದ ಏನು ಬರುತ್ತದೆ ಅಂತ ಓದದೆಯೇ ಹೇಳಬಲ್ಲೆ: "ಪಿರಮಿಡ್ ಜಗತ್ತಿನ ಅದ್ಭುತಗಳಲ್ಲಿ ಒಂದಾಗಿದೆ. ಇದು ನೋಡಲು ಬಹಳ ಸುಂದರವಾಗಿದೆ." ಅಲ್ಲಿಗೆ ಗಾಡಿ ನಿಲ್ಲುತ್ತದೆ. ಈ ಕಿಟ್‌ನ ಕಾರ್ಡುಗಳು ಅದನ್ನು ತಳ್ಳಿ ಹೊರಡಿಸಿದವು. ಉಳಿದ ಸಾಮಾನು ಮತ್ತೆ ಬ್ರೇಕ್ ಹಾಕಿತು.

ಕಾರ್ಡುಗಳಲ್ಲಿ ನನಗೆ ಅಚ್ಚುಮೆಚ್ಚು ಮೆರೆರ್‌ನದು. ಮೆರೆರ್ ರಾಜನಲ್ಲ, ಒಂದು ತಂಡದ ಮೇಸ್ತ್ರಿ. ಈಜಿಪ್ಟಿನ ರಾಜ ಖುಫುವಿನ ಮಹಾ ಪಿರಮಿಡ್‌ಗೆ ಬೇಕಾದ ಬಿಳಿ ಸುಣ್ಣಕಲ್ಲನ್ನು ತುರಾ ಗಣಿಯಿಂದ ದೋಣಿಗೆ ಹೇರಿಕೊಂಡು ಗೀಜಾಕ್ಕೆ ಸಾಗಿಸುತ್ತಿದ್ದವನು. ಅವನ ದಿನಚರಿಯ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಚೂರುಗಳು 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ ಸಿಕ್ಕವು. ಅದರಲ್ಲಿ ದೊಡ್ಡ ಮಾತೇನೂ ಇಲ್ಲ. ಕಲ್ಲು ಹೇರಿದ್ದು, ದೋಣಿ ಬಿಟ್ಟದ್ದು, ರಾತ್ರಿ ಎಲ್ಲಿ ತಂಗಿದ್ದು, ಅಷ್ಟೇ. "ಮೆರೆರ್‌ನ ಇನ್ನೊಂದು ದಿನವನ್ನು ನೀವು ಬರೆಯಿರಿ" ಅನ್ನುವುದು ಕಾರ್ಡಿನ ಹಿಂಬದಿಯ ಚಟುವಟಿಕೆ.

ಎರಡು ಸಾಲು ಬರೆದು ಪುಸ್ತಕ ಮುಚ್ಚುವ ಏಳನೇ ತರಗತಿಯ ಹುಡುಗನೊಬ್ಬ ಪುಟ ತುಂಬಿಸಿ ತಂದ. "ಎದುರು ಗಾಳಿ. ದೋಣಿ ತಡ. ರೊಟ್ಟಿ ಬರಲಿಲ್ಲ, ಹುಡುಗರು ನನ್ನ ಮುಖ ನೋಡುತ್ತಿದ್ದಾರೆ." 'ಸುಂದರ' ಅನ್ನುವ ಪದ ಒಂದು ಸಲವೂ ಇಲ್ಲ! ಕಾಗುಣಿತ ತಪ್ಪುಗಳಿದ್ದವು, ಆ ದಿನ ಕೆಂಪು ಪೆನ್ನು ತೆಗೆಯಲಿಲ್ಲ.

ಸ್ನೆಫ್ರು ಕಾರ್ಡೂ ಚೆನ್ನಾಗಿದೆ. ಖುಫುವಿನ ಅಪ್ಪನಾದ ಇವನು ದಹಶೂರ್‌ನಲ್ಲಿ ಕಟ್ಟಿಸಿದ ಪಿರಮಿಡ್ ಕೆಳಗೆ ಸುಮಾರು 54 ಡಿಗ್ರಿ ಕಡಿದಾಗಿ ಏರಿ, ನಡುವೆ ಬಾಗಿ, ಮೇಲೆ 43 ಡಿಗ್ರಿಗೆ ಇಳಿಯುತ್ತದೆ. ಕಾರ್ಡು ಕಾರಣ ಹೇಳುವುದಿಲ್ಲ. ಚಿತ್ರ ತೋರಿಸಿ, ಒಳಗೆ ಬಿರುಕುಗಳಿವೆ ಅಂತ ತಿಳಿಸಿ, ಏನಾಗಿರಬಹುದು ಅಂತ ಕೇಳುತ್ತದೆ. "ಆದ್ದರಿಂದ", "ಇಲ್ಲದಿದ್ದರೆ" ಇಂಥ ಪದಗಳನ್ನು ವ್ಯಾಕರಣದ ಪಾಠದಲ್ಲಿ ಎಷ್ಟು ಹೇಳಿಕೊಟ್ಟರೂ ಬಳಸದ ಮಕ್ಕಳು ಇಲ್ಲಿ ತಾವಾಗಿಯೇ ಬಳಸಿದರು. ಬಳಸದೆ ವಿಧಿಯೇ ಇರಲಿಲ್ಲ.

ಇನ್ನೊಂದು ಜೋಡಿ ಕಾರ್ಡು. ಒಂದರಲ್ಲಿ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳಿದ, ಪಿರಮಿಡ್ ಕಟ್ಟಲು ಲಕ್ಷ ಜನ ದುಡಿದರು ಅನ್ನುವ ಲೆಕ್ಕ; ಅವನು ಬದುಕಿದ್ದು ಖುಫು ಕಾಲವಾಗಿ ಸುಮಾರು ಎರಡು ಸಾವಿರ ವರ್ಷದ ಮೇಲೆ. ಇನ್ನೊಂದರಲ್ಲಿ ಗೀಜಾದ ಅಗೆತದಲ್ಲಿ ಸಿಕ್ಕ ಕೆಲಸಗಾರರ ಊರು: ರೊಟ್ಟಿ ಬೇಯಿಸುವ ಜಾಗ, ತಿಂದು ಬಿಸಾಡಿದ ದನ, ಕುರಿ, ಮೀನುಗಳ ಮೂಳೆ, 1990ರಿಂದ ಬೆಳಕಿಗೆ ಬಂದ ಕೆಲಸಗಾರರ ಗೋರಿಗಳು. ಗುಲಾಮರಾಗಿದ್ದರೆ ಪಿರಮಿಡ್ ಪಕ್ಕದಲ್ಲೇ ಗೋರಿ ಕಟ್ಟಿ, ಪರಲೋಕಕ್ಕೆ ಬೇಕಾದ್ದನ್ನು ಜೊತೆಗಿಟ್ಟು ಹೂಳುತ್ತಿದ್ದರೇ? ಯಾರ ಮಾತು ನಂಬುತ್ತೀರಿ, ಯಾಕೆ, ಅಂತ ಬರೆಯಬೇಕು. ತರಗತಿ ಎರಡು ಪಾಳೆಯವಾಯಿತು.

ಇಷ್ಟೆಲ್ಲ ಆದ ಮೇಲೆ ಮಾದರಿ ಪ್ರಬಂಧ ತೆಗೆದರೆ, ಎರಡನೇ ಪ್ಯಾರಾದಲ್ಲೇ "ಲಕ್ಷಾಂತರ ಗುಲಾಮರು ಚಾಟಿಯೇಟು ತಿನ್ನುತ್ತಾ ಪಿರಮಿಡ್ ಕಟ್ಟಿದರು" ಅಂತಿದೆ. "ಮಿಸ್, ಇದನ್ನು ಬರೆದವರು ಕಾರ್ಡು ಓದಿಲ್ವಾ?" ಅಂತ ಮುಂದಿನ ಬೆಂಚಿನ ಹುಡುಗಿ ಕೇಳಿದಳು. ಓದಿದ ಹಾಗೆ ಕಾಣುವುದಿಲ್ಲ. ಅದೇ ಪುಟದಲ್ಲಿ ರಾಜ ಟುಟಾಂಖಾಮುನ್‌ನ ಚಿನ್ನದ ಮುಖವಾಡವೂ ಇದೆ. ಅವನು ಖುಫುವಿಗಿಂತ ಸಾವಿರ ವರ್ಷಕ್ಕೂ ಹೆಚ್ಚು ಈಚಿನವನು, ಅವನನ್ನು ಹೂಳಿದ್ದು ರಾಜರ ಕಣಿವೆಯಲ್ಲಿ, ಪಿರಮಿಡ್ಡಿನಲ್ಲಲ್ಲ. ಚಿತ್ರ ಹೊಳೆಯುತ್ತದೆ ಅಂತ ಹಾಕಿದ್ದಾರೆ, ಬೇರೆ ಕಾರಣ ಕಾಣೆ.

ಬಿಟ್ಟ ಸ್ಥಳದ ಹಾಳೆಗಳಂತೂ ಬೇಡವೇ ಬೇಡ. "ಪಿರಮಿಡ್ ಅನ್ನು ____ ರಾಜನು ____ ಎಂಬಲ್ಲಿ ಕಟ್ಟಿಸಿದನು." ಇಡೀ ತರಗತಿಯ ಹಾಳೆ ತಿದ್ದಿದರೂ ಓದಿದ್ದು ಒಂದೇ ಪ್ರಬಂಧ. ಬರೆಯಲು ತೀರಾ ಹೆದರುವ ಮಗುವಿಗೆ ಮೊದಲ ದಿನ ಕೊಡಬಹುದೇನೋ, ಆಮೇಲೆ ಕಿತ್ತುಕೊಳ್ಳಬೇಕು.

ನಕ್ಷೆ ಪರವಾಗಿಲ್ಲ, ಗ್ರಾನೈಟ್ ಬಂದ ಅಸ್ವಾನ್ ಗೀಜಾದಿಂದ ಎಷ್ಟು ದೂರ ಅಂತ ಬೆರಳಿಟ್ಟು ತೋರಿಸಲು ಸಾಕು. ಕಾರ್ಡಿನ ಕಾಗದ ತೆಳು, ಮೂಲೆಗಳು ಬೇಗ ಮಡಚಿಕೊಳ್ಳುತ್ತವೆ, ಲ್ಯಾಮಿನೇಟ್ ಮಾಡಿಸಿಕೊಳ್ಳಿ. ಅಳತೆಗಳ ಕಾರ್ಡಿನಲ್ಲಿ ಮಹಾ ಪಿರಮಿಡ್‌ನ ಎತ್ತರ 146 ಮೀಟರ್ ಅಂತಷ್ಟೇ ಇದೆ. ಅದು ಕಟ್ಟಿದಾಗಿನ ಎತ್ತರ. ತುದಿ ಹೋಗಿ ಈಗ ಉಳಿದದ್ದು ಸುಮಾರು 138. ಇದನ್ನು ಪಕ್ಕದಲ್ಲಿ ಪೆನ್ನಿನಿಂದ ಬರೆದುಕೊಳ್ಳುವುದು ಒಳ್ಳೆಯದು.

ಕೊಳ್ಳಬಹುದಾ ಅಂದರೆ, ಕಾರ್ಡುಗಳಿಗಾಗಿ ಧಾರಾಳವಾಗಿ ಕೊಳ್ಳಿ. ಆರನೇ ತರಗತಿಗೆ ಮೆರೆರ್‌ನಿಂದ ಶುರುಮಾಡಿ, ಹೆರೊಡೋಟಸ್ ಜೋಡಿಯನ್ನು ಎಂಟನೆಯವರಿಗೆ ಇಟ್ಟುಕೊಳ್ಳಿ. ಮಾದರಿ ಪ್ರಬಂಧವನ್ನು ಎಸೆಯಬೇಡಿ. ಕೊನೆಯ ಪೀರಿಯಡ್‌ನಲ್ಲಿ ಅದರ ಜೆರಾಕ್ಸ್ ಹಂಚಿ, ಮಕ್ಕಳ ಕೈಗೆ ಕೆಂಪು ಪೆನ್ನು ಕೊಟ್ಟು, ಕಾರ್ಡು ನೋಡಿಕೊಂಡು ತಿದ್ದಿ ಅನ್ನಿ. ನಮ್ಮ ಎಂಟನೆಯವರು ಕೊಟ್ಟದ್ದು ಹತ್ತಕ್ಕೆ ಮೂರು. ನಾನು ಅಷ್ಟೂ ಕೊಡುತ್ತಿರಲಿಲ್ಲ.