ಡೀಸೆಲ್ ಲೀಕ್‌ಗೆ ಪಂಪ್ ಬದಲಿಸದೆ ಮೂಲ ಹುಡುಕಿಕೊಟ್ಟ ವರ್ಕ್‌ಶಾಪ್

ನನ್ನದು ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್, ಕಾಮನ್ ರೇಲ್ ಇಂಜಿನ್, ಅಂದರೆ ರೇಲ್ ಅನ್ನುವ ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ (ಡೀಸೆಲ್ ಚಿಮ್ಮಿಸುವ ಭಾಗ) ಭಾರಿ ಒತ್ತಡದ ಡೀಸೆಲ್ ಹೋಗುವಂಥದ್ದು. ನಿಲ್ಲಿಸಿದ ಕಡೆಯೆಲ್ಲ ಡೀಸೆಲ್ ಕಲೆ, ಗಾಡಿ ಒಳಗೂ ವಾಸನೆ. ಬೆಳಗ್ಗೆ ಸ್ಟಾರ್ಟ್ ಆಗಲು ಜಾಸ್ತಿ ಹೊತ್ತು ಸೆಲ್ಫ್ ಹೊಡೆಯಬೇಕಿತ್ತು. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಕೆಳಗಿಂದ ಬಗ್ಗಿ ನೋಡಿದರು. ಬೆಲ್ ಹೌಸಿಂಗ್ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ) ಒದ್ದೆಯಾಗಿದೆ, ಹೈ ಪ್ರೆಶರ್ ಪಂಪಿನ ಸೀಲ್ ಹೋಗಿದೆ, ಪಂಪನ್ನೇ ಬದಲಿಸಿ ಅಂದುಬಿಟ್ಟರು. ಅಷ್ಟು ದುಬಾರಿ ಭಾಗವನ್ನು ಸುಮ್ನೆ ಕಣ್ಣಂದಾಜಿನಲ್ಲಿ ಬದಲಿಸಲು ನನಗೆ ಮನಸ್ಸು ಬರಲಿಲ್ಲ. ಹಾಗಾಗಿ ಡೀಸೆಲ್ ಇಂಜೆಕ್ಷನ್ ಕೆಲಸವನ್ನೇ ಮಾಡುವ ಈ ವರ್ಕ್‌ಶಾಪ್‌ಗೆ ಬಂದೆ.

ಇವರು ಮೊದಲು ಸ್ಪ್ಯಾನರ್ ಹಿಡಿಯಲಿಲ್ಲ. ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿದರು. ಮಟ್ಟ ಏರಿರಲಿಲ್ಲ, ಡೀಸೆಲ್ ವಾಸನೆಯೂ ಇರಲಿಲ್ಲ. ಡೀಸೆಲ್ ಆಯಿಲಿಗೆ ಇಳಿಯುತ್ತಿಲ್ಲ ಅನ್ನುವುದು ಅಲ್ಲೇ ಗೊತ್ತಾಯಿತು. ಆಮೇಲೆ ಇಂಜಿನ್ ಕೆಳಗಿನ ರಕ್ಷಣೆಯ ತಗಡು, ಅಂದರೆ ಸ್ಕಿಡ್ ಪ್ಲೇಟ್ ಬಿಚ್ಚಿದರು. ಈ ಕೆಲಸ ತುಂಬಾ ಮುಖ್ಯ, ಯಾಕೆಂದರೆ ಇಂಥ ಗಾಡಿಗಳಲ್ಲಿ ಸೋರಿದ ಡೀಸೆಲ್ ಪ್ಲೇಟಿನ ಮೇಲೆ ನಿಂತು, ಮಣ್ಣಿಗೆ ಅಂಟಿ, ಓಡುವಾಗ ಗಾಳಿಗೆ ಹಿಂದಕ್ಕೆ ಹರಡಿರುತ್ತದೆ, ಒದ್ದೆ ಕಾಣುವುದು ಒಂದು ಕಡೆ, ಸೋರುವುದು ಇನ್ನೊಂದು ಕಡೆ. ಇಂಜಿನ್ ಪೂರ್ತಿ ತೊಳೆದು, ಗಾಳಿ ಹೊಡೆದು ಒಣಗಿಸಿ, ಅನುಮಾನ ಇದ್ದ ಜಾಗಕ್ಕೆಲ್ಲ ತೆಳುವಾಗಿ ಪೌಡರ್ ಉದುರಿಸಿ ಸ್ಟಾರ್ಟ್ ಮಾಡಿದರು.

ಟಾರ್ಚ್ ಹಿಡಿದು ನನಗೂ ತೋರಿಸಿದರು. ಕೊನೆಯ ಇಂಜೆಕ್ಟರಿನ ತಲೆ ಮೇಲೆ ರಿಟರ್ನ್ ಪೈಪ್ (ಮಿಕ್ಕ ಡೀಸೆಲ್ ವಾಪಸ್ ಹೋಗುವ ಪೈಪ್) ಕೂರುವ ಜಾಗದಲ್ಲಿ ಬಿಳಿ ಪೌಡರ್ ನಿಧಾನವಾಗಿ ಕಪ್ಪಾಯಿತು, ಅದರ ಅಂಚಿನಲ್ಲಿ ಸಣ್ಣ ಹನಿ ಮೂಡಿತು, ಹೆಡ್ಡಿನ ಹಿಂಬದಿಗೆ ಜಾರಿ ಸೀದಾ ಬೆಲ್ ಹೌಸಿಂಗ್ ಕಡೆ ಇಳಿಯಿತು. ಪಂಪಿನ ಸುತ್ತ ಹಾಕಿದ್ದ ಪೌಡರ್ ಒಣಗಿಯೇ ಇತ್ತು! ಅಷ್ಟು ಹೊತ್ತೂ ಯಾರೂ ಪೈಪುಗಳನ್ನು ಕೈಯಿಂದ ಸವರಲಿಲ್ಲ, ರೇಲ್ ಹತ್ತಿರ ರಟ್ಟು ಹಿಡಿದು ನೋಡಿದರು. ಕಾಮನ್ ರೇಲಿನಲ್ಲಿ ಒತ್ತಡ 1000 ಬಾರ್‌ಗಿಂತ ಮೇಲೆ ಹೋಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕಿನಿಂದ ಬಂದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗಬಹುದು. ಹಾಗೇನಾದರೂ ಆದರೆ ಗಾಯ ಎಷ್ಟೇ ಚಿಕ್ಕದಿರಲಿ, ಕೂಡಲೇ ಆಸ್ಪತ್ರೆಗೆ ಓಡಬೇಕು.

ಬೆಳಗಿನ ಸ್ಟಾರ್ಟಿಂಗ್ ತೊಂದರೆ ಬೇರೆಯೇ ಇರಬಹುದು ಅಂತ ಫಿಲ್ಟರಿಗೂ ಪಂಪಿಗೂ ನಡುವೆ ಪಾರದರ್ಶಕ ಹೋಸ್ ಹಾಕಿದರು. ಅದರಲ್ಲಿ ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದವು. ಟ್ಯಾಂಕಿನಿಂದ ಎಳೆಯುವ ಭಾಗದಲ್ಲಿ ಸಂದು ಬಿದ್ದರೆ ಇಂಜಿನ್ ಓಡುವಾಗ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ, ನೆಲದ ಮೇಲೆ ಹನಿಯೇ ಕಾಣದಿರಬಹುದು. ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದುಬಿಡುತ್ತದೆ, ಅದಕ್ಕೇ ಬೆಳಗ್ಗೆ ಸ್ಟಾರ್ಟ್ ಆಗಲು ಅಷ್ಟು ಹೊತ್ತು. ಫಿಲ್ಟರ್ ಬಿಚ್ಚಿದಾಗ ಅದರ ಓ ರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ) ಒಂದು ಕಡೆ ಸಿಕ್ಕಿಹಾಕಿಕೊಂಡು ಚಪ್ಪಟೆಯಾಗಿತ್ತು.

ರಿಪೇರಿ ಬೇಗ ಮುಗಿಯಿತು. ಸೋರುವ ಒಂದು ತುಂಡನ್ನಷ್ಟೇ ಅಲ್ಲ, ರಿಟರ್ನ್ ಹೋಸ್‌ಗಳ ಪೂರ್ತಿ ಸೆಟ್ ಬದಲಿಸಿದರು. ಹಳೆಯದನ್ನು ಬಗ್ಗಿಸಿದರೆ ಕಡ್ಡಿ ಹಾಗೆ ಮುರಿಯುತ್ತಿತ್ತು, ಹಾಗಾಗಿ ಉಳಿದವನ್ನು ಬಿಟ್ಟಿದ್ದರೆ ಮತ್ತೆ ಇದೇ ಗೋಳು ಅಲ್ವಾ? ಹೊಸ ಓ ರಿಂಗಿಗೆ ಡೀಸೆಲ್ ಸವರಿ ಕೂರಿಸಿದರು, ಬಿಚ್ಚಿದ ಕಡೆ ಹೊಸ ತಾಮ್ರದ ವಾಷರ್ ಹಾಕಿದರು. ಮತ್ತೆ ತೊಳೆದು, ಓಡಿಸಿ, ಒಣಗಿದೆ ಅಂತ ನೋಡಿಯೇ ಸ್ಕಿಡ್ ಪ್ಲೇಟ್ ಕಟ್ಟಿದರು.

ಕೊರತೆಯೂ ಇದೆ. ಡೀಸೆಲ್ ಬಿದ್ದು ನೆನೆದ ರಬ್ಬರ್ ಬಗ್ಗೆ ಅವರಾಗಿಯೇ ಏನೂ ಹೇಳಲಿಲ್ಲ. ನಾನು ಕೇಳಿದ ಮೇಲೆ ನೋಡಿದರು, ಕೂಲಂಟ್ ಹೋಸ್ ಒಂದು ಉಬ್ಬಿ ಮೆತ್ತಗಾಗಿತ್ತು. ದಾರಿ ಮಧ್ಯೆ ಅದು ಒಡೆದಿದ್ದರೆ ಇಂಜಿನ್ನೇ ಹೋಗುತ್ತಿತ್ತು. ಬಿಲ್ಲಿನಲ್ಲೂ ಲೀಕ್ ಹುಡುಕಿದ ಕೆಲಸವನ್ನು ಬೇರೆಯಾಗಿ ಬರೆದಿಲ್ಲ, ಬರೆಯಬೇಕಿತ್ತು, ಯಾಕೆಂದರೆ ನಾನು ಖುಷಿಯಿಂದ ದುಡ್ಡು ಕೊಟ್ಟಿದ್ದು ಅದಕ್ಕೇ.

ಹಳೆಯ ಡೀಸೆಲ್ ಗಾಡಿ ಇರುವವರಿಗೆ ಧೈರ್ಯವಾಗಿ ಇಲ್ಲಿಗೆ ಹೋಗಿ ಅನ್ನುತ್ತೇನೆ. ಹಿಂದಿನ ಸಂಜೆಯೇ ಬಿಟ್ಟು ಬನ್ನಿ, ಬೆಳಗಿನ ಮೊದಲ ಸ್ಟಾರ್ಟ್ ಅವರ ಎದುರೇ ಆಗಲಿ. ಡೀಸೆಲ್ ಬಿದ್ದ ರಬ್ಬರ್ ಹೋಸ್, ಇಂಜಿನ್ ಕೂರುವ ರಬ್ಬರಿನ ಮೌಂಟ್ ಎರಡನ್ನೂ ನೋಡಿ ಅಂತ ನೀವೇ ಬಾಯಿಬಿಟ್ಟು ಹೇಳಿ.